ಘಟಪ್ರಭೆಯ ಬೆನ್ನು ಹಿಡಿದು ಎರಡು ದಿನ

ಗೋಕಾಕ ಜಲಪಾತ ನೋಡಹೋಗುವವರಲ್ಲಿ ಹೆಚ್ಚಿನವರು ನೇರವಾಗಿ ಜಲಪಾತಕ್ಕೇ ಹೋಗುತ್ತಾರೆ. ಗಾಡಿ ನಿಲ್ಲಿಸಿ, ನೀರು ಬೀಳುವುದನ್ನು ಕಣ್ತುಂಬ ನೋಡಿ, ನಾಲ್ಕು ಫೋಟೊ ತೆಗೆದು, ಬಿಸಿ ಮಿರ್ಚಿ ಭಜಿ ತಿಂದು, ಕರದಂಟಿನ ಡಬ್ಬಿ ಕಟ್ಟಿಸಿಕೊಂಡು ಕತ್ತಲಾಗುವುದರೊಳಗೆ ಮನೆ ಸೇರುತ್ತಾರೆ. ಒಂದು ದಿನದ ಪ್ರವಾಸಕ್ಕೆ ಇದೇನೂ ಕಡಿಮೆಯಲ್ಲ. ಆದರೆ ಆ ನೀರು ಎಲ್ಲಿಂದ ಬಂತು, ಇನ್ನೊಂದು ಗಂಟೆಗೆ ಎಷ್ಟು ಬರಬಹುದು, ಬಿದ್ದ ಮೇಲೆ ಯಾರ ಹೊಲಕ್ಕೆ ಹೋಗುತ್ತದೆ ಎಂಬುದು ಮಾತ್ರ ಇಂಥ ಪ್ರವಾಸದಲ್ಲಿ ತಿಳಿಯುವುದಿಲ್ಲ. ದಪ್ಪ ಪುಸ್ತಕದ ನಡುವಿನ ಒಂದೇ ಪುಟ ಓದಿ ಮುಚ್ಚಿಟ್ಟ ಹಾಗೆ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳನ್ನು ಘಟಪ್ರಭಾ ನದಿ ಒಂದೇ ದಾರದಲ್ಲಿ ಪೋಣಿಸಿದೆ. ಸಹ್ಯಾದ್ರಿಯಿಂದ ಇಳಿದು ಬಂದ ನೀರು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ನಿಲ್ಲುತ್ತದೆ, ಗೋಕಾಕದಲ್ಲಿ ಧುಮುಕುತ್ತದೆ, ಮೂಡಲಗಿಯ ಬಯಲಿನಲ್ಲಿ ಕಾಲುವೆಗಳಾಗಿ ಹರಡಿಕೊಳ್ಳುತ್ತದೆ. ಈ ಮೂರನ್ನೂ ನದಿ ಹರಿಯುವ ಕ್ರಮದಲ್ಲಿಯೇ ನೋಡಿದರೆ ಶಾಲೆಯ ಭೂಗೋಳ ಮತ್ತು ಭೌತವಿಜ್ಞಾನದ ಅರ್ಧ ಪಾಠ ಎರಡು ದಿನಗಳಲ್ಲಿ ಮುಗಿದು ಹೋಗುತ್ತದೆ.

2018ರ ಆಗಸ್ಟ್ ತಿಂಗಳಲ್ಲಿ ಗದಗಿನ ಒಂದು ಕುಟುಂಬ ಹೀಗೆಯೇ ಹೊರಟಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ತಂದೆ, ತಾಯಿ, ಒಂಬತ್ತನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ ಮತ್ತು ಎಪ್ಪತ್ತು ದಾಟಿದ ಅಜ್ಜಿ. ಕೆರೆ, ಬಾವಿ, ನಲ್ಲಿ ಬಿಟ್ಟರೆ ನೀರಿನ ಬೇರೆ ರೂಪವನ್ನು ಮಕ್ಕಳು ಕಂಡವರಲ್ಲ. ಎರಡನೆಯ ಶನಿವಾರದ ರಜೆಗೆ ಭಾನುವಾರವನ್ನು ಜೋಡಿಸಿಕೊಂಡು ಎಲ್ಲರೂ ಹಿಂದಿನ ರಾತ್ರಿಯೇ ಬೆಳಗಾವಿಯ ಸೋದರಮಾವನ ಮನೆ ಸೇರಿದ್ದರು. ಮಾವ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಂದೆ ಬೆಳಿಗ್ಗೆ ಎದ್ದವರೇ “ಸೀದಾ ಫಾಲ್ಸಿಗೆ ಹೋಗೂಣು” ಎಂದಾಗ ಅವರು ಒಪ್ಪಲಿಲ್ಲ. “ಮೊದಲು ನೀರು ಎಲ್ಲಿ ನಿಂತೈತಿ ನೋಡೂಣು. ಆಮ್ಯಾಲೆ ಎಲ್ಲಿ ಬೀಳತೈತಿ ನೋಡೂಣು” ಎಂದರು. ಬಾಡಿಗೆ ಜೀಪು ಉತ್ತರಕ್ಕೆ ಹೊರಟಿತು.

ನೀರು ನಿಂತ ತಾಲ್ಲೂಕು

ಮೊದಲನೆಯ ಅವಾಂತರ ಹೆದ್ದಾರಿಯಲ್ಲೇ ಆಯಿತು. ಹುಡುಗ ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲಿನಲ್ಲಿ ಆಟವಾಡುತ್ತಿದ್ದವನು ಯಮಕನಮರಡಿ ಬರುವುದರೊಳಗೆ ಮುಖ ಬಿಳಿಚಿಕೊಂಡ. ಬೆಳಿಗ್ಗೆ ತಿಂದ ಅವಲಕ್ಕಿ ರಸ್ತೆಯ ಬದಿಗೆ ಹೋಯಿತು. ಇದು ಹೊಟ್ಟೆಯ ತಪ್ಪಲ್ಲ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ದೇಹ ಅಲುಗಿದರೆ, ತಿರುಗಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕಣ್ಣು ಮೊಬೈಲಿನ ಪರದೆಯ ಮೇಲಿದ್ದಾಗ “ಎಲ್ಲವೂ ನಿಂತಿದೆ” ಎಂದು ಹೇಳುತ್ತದೆ. ಕಿವಿ “ಇಲ್ಲ, ಓಡುತ್ತಿದ್ದೇವೆ” ಎನ್ನುತ್ತದೆ. ಈ ಎರಡು ವರದಿಗಳ ಜಗಳದಲ್ಲಿ ವಾಂತಿ ಬರುತ್ತದೆ. ಹುಡುಗನನ್ನು ಮುಂದಿನ ಸೀಟಿಗೆ ಕೂರಿಸಿ, ದೂರದ ಗುಡ್ಡ ನೋಡು ಎಂದ ಮೇಲೆ ಅವನು ಸುಧಾರಿಸಿಕೊಂಡ. ಅಜ್ಜಿ ಕೊಟ್ಟ ಶುಂಠಿಯ ಚೂರಿಗೂ ಅದರಲ್ಲಿ ಪಾಲಿದ್ದೀತು.

ಹತ್ತರಗಿಯ ಬಳಿ ಹೆದ್ದಾರಿ ಬಿಟ್ಟರೆ ಹಿಡಕಲ್ ಅಣೆಕಟ್ಟಿನ ದಾರಿ. ಇಲ್ಲಿನ ಜಲಾಶಯಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಇಟ್ಟಿದ್ದಾರೆ. ಇದರ ಸಂಗ್ರಹ ಸಾಮರ್ಥ್ಯ ಸುಮಾರು 51 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನ ಲೆಕ್ಕದಲ್ಲಿ 2,800 ಕೋಟಿಗೂ ಹೆಚ್ಚು. ಮಗಳು ಇದನ್ನು 51ರಿಂದ ಗುಣಿಸಲು ಹೋಗಿ ಸೊನ್ನೆಗಳನ್ನು ಎಣಿಸುವುದರಲ್ಲೇ ದಣಿದಳು. ಕೆರೆಯಷ್ಟು ದೊಡ್ಡದಿರಬಹುದು ಎಂದುಕೊಂಡಿದ್ದ ಹುಡುಗನಿಗೆ ಆಚೆಯ ದಡವೇ ಕಾಣಲಿಲ್ಲ.

ಆ ನೀರಿನ ಕೆಳಗೆ ಊರುಗಳಿದ್ದವು. ಮುಳುಗಡೆಯಾದ ಹಳೆಯ ಹುನ್ನೂರಿನ ಕಲ್ಲಿನ ವಿಠ್ಠಲ ಗುಡಿ ಇಂದಿಗೂ ಜಲಾಶಯದೊಳಗೆ ನಿಂತಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿ ಮೇಲೆ ಬರುತ್ತದೆ, ಜನ ಹೋಗಿ ದರ್ಶನ ಮಾಡುತ್ತಾರೆ. ಮಳೆಗಾಲ ಹಿಡಿದರೆ ಮತ್ತೆ ಮುಳುಗುತ್ತದೆ. ಆಗಸ್ಟ್ ತಿಂಗಳಲ್ಲಿ ಕಾಣಿಸಿದ್ದು ಬರೀ ನೀರು. ಅಜ್ಜಿ ಆ ದಿಕ್ಕಿಗೇ ಕೈ ಮುಗಿದರು.

ಇಲ್ಲಿ ಎರಡನೆಯ ಅವಾಂತರ. ತುಂತುರು ಮಳೆಗೆಂದು ತಾಯಿ ಕೊಡೆ ಬಿಚ್ಚಿದರು. ಜಲಾಶಯದ ಮೇಲಿನಿಂದ ತಡೆಯಿಲ್ಲದೆ ಬಂದ ಗಾಳಿ ಅದನ್ನು ಒಂದೇ ಏಟಿಗೆ ಬಟ್ಟಲಿನಂತೆ ಮೇಲಕ್ಕೆ ಮಗುಚಿ ಹಾಕಿತು. ಕೊಡೆಯ ಉಬ್ಬಿದ ಬೆನ್ನಿನ ಮೇಲೆ ಗಾಳಿ ವೇಗವಾಗಿ ಸಾಗುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಒಳಗಿನ ಗಾಳಿಯ ಒತ್ತಡ ಹೆಚ್ಚಾಗಿಯೇ ಉಳಿಯುತ್ತದೆ. ಗಾಳಿಗೆ ಬೆನ್ನು ಕೊಡದೆ ಕೊಡೆಯ ಮುಖವನ್ನೇ ಗಾಳಿಯ ಕಡೆಗೆ ಬಾಗಿಸಿ ಹಿಡಿಯಬೇಕೆಂಬುದು ಎರಡು ಕಡ್ಡಿ ಮುರಿದ ಮೇಲೆ ಗೊತ್ತಾಯಿತು.

ಮಾವ ಎಲ್ಲರನ್ನೂ ನಿಲ್ಲಿಸಿ ಹೇಳಿದ ಮಾತು ಮಾತ್ರ ಮುಖ್ಯವಾದದ್ದು. ಗೋಕಾಕದ ಕಡೆ ಮಳೆ ಕಡಿಮೆ. ಅದು ಮಳೆನೆರಳಿನ ನಾಡು. ಜಲಪಾತಕ್ಕೆ ಬರುವ ನೀರು ಸಹ್ಯಾದ್ರಿಯ ಮೇಲೆ ಬಿದ್ದದ್ದು. ಘಟಪ್ರಭೆಯನ್ನು ಹಿಡಕಲ್ ಹಿಡಿದಿಡುತ್ತದೆ, ಬೇಕಾದಾಗ ಬಿಡುತ್ತದೆ. ಆದರೆ ಮಹಾರಾಷ್ಟ್ರದ ಆಂಬೋಲಿಯಲ್ಲಿ ಹುಟ್ಟಿ ಸಂಕೇಶ್ವರದ ಮೇಲೆ ಹರಿದು ಬರುವ ಹಿರಣ್ಯಕೇಶಿ ನದಿ ಘಟಪ್ರಭೆಯನ್ನು ಕೂಡುವುದು ಈ ಅಣೆಕಟ್ಟಿನ ಕೆಳಗೆ. ಹಿಡಕಲ್‌ನ ಬಾಗಿಲುಗಳು ಅದನ್ನು ತಡೆಯಲಾರವು. ಆಂಬೋಲಿಯೋ, ಭಾರಿ ಮಳೆಗೆ ಹೆಸರಾದ ಊರು. “ಫಾಲ್ಸಿನ ಮ್ಯಾಲೆ ಬಿಸಲು ಬಿದ್ದಿರಬಹುದು. ಆದ್ರ ಆಂಬೋಲ್ಯಾಗ ನಿನ್ನಿ ಮಳಿ ಹೊಡದಿರತೈತಿ. ಆ ನೀರು ನಿಮಗ ಹೇಳಿ ಬರೂದಿಲ್ಲ” ಎಂದರು. ಮಗಳು ಇದನ್ನು ವಹಿಯಲ್ಲಿ ಬರೆದುಕೊಂಡಳು. ತಂದೆ ಫೋಟೊ ತೆಗೆಯುವುದರಲ್ಲಿದ್ದರು.

ಫೋಟೊಗಳ ಹಾವಳಿಯಿಂದ ಹುಕ್ಕೇರಿ ಪಟ್ಟಣ ಮುಟ್ಟುವುದರೊಳಗೆ ಅವರ ಮೊಬೈಲು ಸತ್ತು ಹೋಯಿತು. ಆದಿಲ್‌ಶಾಹಿ ಕಾಲದ, ಹದಿನಾರನೆಯ ಶತಮಾನದ ಗುಮ್ಮಟಗಳನ್ನು ಎದುರಿಗಿಟ್ಟುಕೊಂಡು ಒಂದು ಚಿತ್ರವೂ ಇಲ್ಲ! ವಿಜಯಪುರದ ಗೋಳಗುಮ್ಮಟಕ್ಕಿಂತ ಹಳೆಯವು ಇವು. ಕೊನೆಗೆ ಒಂದು ಚಹಾದ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಎಲ್ಲರೂ ಚಹಾ ಕುಡಿಯುತ್ತ ಕುಳಿತರು. ಆ ಕರೆಂಟಿಗೂ ಒಂದು ಕಥೆಯುಂಟು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಹಾಲಿಗೆ, ಸಕ್ಕರೆಗೆ, ಸಾಲಕ್ಕೆ ಸಹಕಾರಿ ಸಂಘಗಳು ಊರೂರಿಗೂ ಇವೆ. ಮನೆಮನೆಗೆ ವಿದ್ಯುತ್ ಹಂಚುವ ಸಹಕಾರಿ ಸಂಘ ಎಂದರೆ ನಮ್ಮ ರಾಜ್ಯದಲ್ಲಿ ಹುಕ್ಕೇರಿಯದೇ ಹೆಸರು. ಸತ್ತ ಮೊಬೈಲಿನ ನೆಪದಲ್ಲಿ ಮಕ್ಕಳಿಗೆ ಇಷ್ಟು ತಿಳಿಯಿತು.

ಬಾರದ ಹಕ್ಕಿ, ಕರಿದ ಅಂಟು

ಮಧ್ಯಾಹ್ನ ಜೀಪು ಧೂಪದಾಳಕ್ಕೆ ಬಂತು. ಜಲಪಾತಕ್ಕಿಂತ ಸ್ವಲ್ಪ ಮೇಲೆ ಘಟಪ್ರಭೆಗೆ ಅಡ್ಡಲಾಗಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ಇಲ್ಲಿದೆ. 1897ರಿಂದ ಇಲ್ಲಿನ ನೀರು ಎಡದಂಡೆಯ ಕಾಲುವೆಗೆ ಹರಿಯುತ್ತಿದೆ. ಒಡ್ಡಿನ ಹಿಂದೆ ನಿಂತ ನೀರು, ನಡುಗಡ್ಡೆಗಳು, ಜೊಂಡು ಸೇರಿ ಹಕ್ಕಿಗಳಿಗೆ ಒಳ್ಳೆಯ ನೆಲೆಯಾಗಿದ್ದರಿಂದ 1974ರಲ್ಲಿ ಇದನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು.

ಹುಡುಗ ಗೆಳೆಯನಿಂದ ದುರ್ಬೀನು ಕಡ ತಂದಿದ್ದ. ಅರ್ಧ ಗಂಟೆ ಕಣ್ಣಿಗೆ ಹಿಡಿದರೂ ಸಿಕ್ಕಿದ್ದು ನಾಲ್ಕು ಬೆಳ್ಳಕ್ಕಿ. ದೂರದ ಶೀತ ದೇಶಗಳಿಂದ ಕ್ರೌಂಚಗಳೂ ಬಿಳಿ ಕೊಕ್ಕರೆಗಳೂ ಇಲ್ಲಿಗೆ ಬರುವುದು ಚಳಿಗಾಲದಲ್ಲಿ, ನವೆಂಬರಿನಿಂದ ಫೆಬ್ರುವರಿಯೊಳಗೆ. ಜಲಪಾತಕ್ಕೆ ಮಳೆಗಾಲ, ಹಕ್ಕಿಗೆ ಚಳಿಗಾಲ: ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುತ್ತೇನೆಂದರೆ ಆಗದು. ಮುಖ ಊದಿಸಿಕೊಂಡ ಹುಡುಗನಿಗೆ “ಡಿಸೆಂಬರದಾಗ ಮತ್ತ ಬರೂಣು” ಎಂದು ತಾಯಿ ಮಾತು ಕೊಡಬೇಕಾಯಿತು.

ಆ ರಾತ್ರಿ ಗೋಕಾಕ ಪಟ್ಟಣದಲ್ಲಿ ವಸತಿ. ಸಂಜೆ ಪೇಟೆಗೆ ಹೋದರೆ ಎರಡು ಕಡೆ ಕಾಲು ನಿಲ್ಲುತ್ತದೆ. ಒಂದು ಕರದಂಟಿನ ಅಂಗಡಿ, ಇನ್ನೊಂದು ಬೊಂಬೆಗಳ ಅಂಗಡಿ. ಕರಿದ ಅಂಟೇ ಕರದಂಟು. ಮರದಿಂದ ಒಸರುವ ತಿನ್ನುವ ಅಂಟಿನ ಹರಳುಗಳನ್ನು ಕಾದ ತುಪ್ಪದಲ್ಲಿ ಹಾಕಿದರೆ ಒಳಗಿನ ತೇವ ಆವಿಯಾಗಿ ಹರಳು ಅರಳಿನಂತೆ ಉಬ್ಬುತ್ತದೆ. ಅದಕ್ಕೆ ಬೆಲ್ಲದ ಪಾಕ, ಒಣ ಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಕೂಡಿಸುತ್ತಾರೆ. ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆಯ ಅಣ್ಣನೇ ಇದು ಎಂದು ಅಜ್ಜಿ ತೀರ್ಪು ಕೊಟ್ಟರು.

ಗೋಕಾಕದ ಬೊಂಬೆಗಳು ಹಗುರ ಮರದವು. ಅದರಲ್ಲೂ ಹಣ್ಣು, ತರಕಾರಿಗಳ ಮಾದರಿಗಳು ಮೋಸ ಮಾಡುವಷ್ಟು ನಿಜ. ಹುಡುಗ ಒಂದು ಮಾವಿನಹಣ್ಣನ್ನು ಕೊಂಡ. ತೂಕ ನೋಡದಿದ್ದರೆ ಯಾರೂ ಮರದ್ದೆಂದು ಹೇಳಲಾರರು.

ಮೂರು ಸೆಕೆಂಡು

ಭಾನುವಾರ ಬೆಳಿಗ್ಗೆ ಆರು ಕಿಲೋಮೀಟರ್ ದೂರದ ಜಲಪಾತ. ಕಾಣುವುದಕ್ಕೆ ಮೊದಲೇ ಅದು ಕೇಳಿಸಿತು. ಮರಳುಗಲ್ಲಿನ ಬಂಡೆಯ ಅಂಚು ಇಲ್ಲಿ ಕುದುರೆಯ ಲಾಳದಂತೆ ಬಾಗಿದೆ. ಸುಮಾರು 177 ಮೀಟರ್ ಅಗಲದ ಆ ಅಂಚಿನಿಂದ ಘಟಪ್ರಭೆ 52 ಮೀಟರ್ ಕೆಳಕ್ಕೆ ಬೀಳುತ್ತದೆ. ಹೊಲಗಳ ಮಣ್ಣನ್ನು ಹೊತ್ತು ತಂದ ನೀರು ಚಹಾದ ಬಣ್ಣದ್ದು. ಹುಕ್ಕೇರಿಯ ಕಡೆ ನೆಲದ ಮೇಲೆ ಹಾಸಿದ ಕಪ್ಪು ಕಲ್ಲು ಸುಮಾರು 6.5 ಕೋಟಿ ವರ್ಷಗಳ ಹಿಂದಿನ ಲಾವಾ. ಗೋಕಾಕದ ಮರಳುಗಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಗಟ್ಟಿ ಕಲ್ಲಾದ್ದರಿಂದಲೇ ಅಂಚು ಸವೆದು ಇಳಿಜಾರಾಗದೆ ನೇರವಾಗಿ ನಿಂತಿದೆ.

ಇದನ್ನು ಕರ್ನಾಟಕದ ನಯಾಗರ ಎನ್ನುವವರುಂಟು. ಅಲ್ಲಿಯ ಕುದುರೆಲಾಳದ ಜಲಪಾತದ ಎತ್ತರ 57 ಮೀಟರ್. ಎತ್ತರದಲ್ಲಿ ಗೋಕಾಕ ತೀರ ಹಿಂದೆ ಬೀಳುವುದಿಲ್ಲ. ವ್ಯತ್ಯಾಸ ಇರುವುದು ಹಿನ್ನೆಲೆಯಲ್ಲಿ. ನಯಾಗರದ ಮೇಲೆ ನಾಲ್ಕು ಮಹಾಸರೋವರಗಳಿವೆ, ಆದ್ದರಿಂದ ವರ್ಷವಿಡೀ ನೀರು. ಗೋಕಾಕದ ಹಿಂದೆ ಇರುವುದು ಮಳೆ ಮತ್ತು ಮಾವ ತೋರಿಸಿದ ಅಣೆಕಟ್ಟು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮೆರೆದು, ಬೇಸಿಗೆಯಲ್ಲಿ ಬರಿ ಬಂಡೆಯಾಗುತ್ತದೆ.

ತೂಗುಸೇತುವೆ ಆ ದಿನ ತೆರೆದಿತ್ತು. 201 ಮೀಟರ್ ಉದ್ದ, ಕೆಳಗಿನ ಬಂಡೆಯಿಂದ 14 ಮೀಟರ್ ಎತ್ತರ. “ಹೆದರಬ್ಯಾಡ್ರಿ, ನನ್ನ ಹಿಂದ ಬರ್ರಿ” ಎಂದು ಮುಂದೆ ಹೋದ ತಂದೆ ನಡುವೆ ಮುಟ್ಟುವುದರೊಳಗೆ ಎರಡೂ ಕೈಗಳಿಂದ ಹಗ್ಗ ಹಿಡಿದು ನಿಂತುಬಿಟ್ಟರು. ಎದುರಿನಿಂದ ಬಂದ ಹತ್ತು ಹುಡುಗರು ಹಾಡು ಹೇಳುತ್ತ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದರು. ಸೇತುವೆ ಅಲೆಯಂತೆ ಏಳತೊಡಗಿತ್ತು. ಹಿಂದಿನಿಂದ ಯಾರೋ “ಒಂದ ತಾಳಕ್ಕ ಹೆಜ್ಜಿ ಹಾಕಬ್ಯಾಡ್ರಪಾ!” ಎಂದು ಕೂಗಿದರು.

ಕೂಗಿದವರು ಭೌತವಿಜ್ಞಾನ ಓದಿರಲಿಕ್ಕಿಲ್ಲ, ಆದರೆ ಅನುರಣನ ಎಂದರೇನೆಂದು ಬಲ್ಲವರು. ತೂಗುವ ಪ್ರತಿಯೊಂದು ವಸ್ತುವಿಗೂ ತನ್ನದೇ ಒಂದು ಲಯವಿದೆ. ಅದೇ ಲಯಕ್ಕೆ ಸಣ್ಣ ಸಣ್ಣ ನೂಕು ಕೊಡುತ್ತ ಹೋದರೆ ತೂಗು ಬೆಳೆಯುತ್ತಲೇ ಹೋಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ಎಂಬಲ್ಲಿ ಸೈನಿಕರು ಹೆಜ್ಜೆ ಕೂಡಿಸಿ ನಡೆದಾಗ ತೂಗುಸೇತುವೆಯೊಂದು ಕುಸಿಯಿತು. 2000ದ ಜೂನ್ ತಿಂಗಳಲ್ಲಿ ಲಂಡನ್ನಿನ ಹೊಸ ಮಿಲೆನಿಯಂ ಸೇತುವೆ ನಡೆಯುವವರ ಹೆಜ್ಜೆಗೆ ಓಲಾಡಿ, ತೆರೆದ ಎರಡೇ ದಿನಗಳಲ್ಲಿ ಅದನ್ನು ಮುಚ್ಚಬೇಕಾಯಿತು.

ಅಜ್ಜಿ ಮಾತ್ರ ಹಗ್ಗದ ಮೇಲೆ ಕೈ ಆಡಿಸುತ್ತ, ಸೀರೆಯ ನೆರಿಗೆ ಎತ್ತಿ ಹಿಡಿದು, ಮಗನನ್ನೂ ದಾಟಿ ಮುಂದೆ ಹೋದರು. ಇನ್ನು ಮೂರು ದಿನಕ್ಕೆ ನಾಗರ ಪಂಚಮಿ. “ನಾ ಎಷ್ಟು ಜೋಕಾಲಿ ಜೀಕೇನಿ, ಇದೇನ ದೊಡ್ಡದು?” ಎಂದರು. ಜೋಕಾಲಿ ಜೀಕಿದವರಿಗೆ ಅದರ ಲಯಕ್ಕೆ ಮೈ ಒಪ್ಪಿಸುವುದು ಗೊತ್ತು. ಮೊದಲ ಸಲ ಬಂದವರು ಅದರ ವಿರುದ್ಧ ಬಿಗಿಯಾಗಿ ನಿಂತು ಇನ್ನಷ್ಟು ಹೆದರುತ್ತಾರೆ. ಅಜ್ಜಿಯ ಹಿಂದೆ ಮಗ, ಮಗನ ಹಿಂದೆ ಮೊಮ್ಮಕ್ಕಳು ನಡೆದು ಆಚೆಯ ದಡ ಮುಟ್ಟಿದರು.

ನದಿಯ ದಂಡೆಯಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ. ಮಹಾಲಿಂಗೇಶ್ವರನ ಗುಡಿ ಅವುಗಳಲ್ಲಿ ಮುಖ್ಯವಾದದ್ದು. ಅಲ್ಲಿ ಕುಳಿತು ಬುತ್ತಿ ಬಿಚ್ಚುವಷ್ಟರಲ್ಲಿ ಒಂದು ಮಂಗ ಕರದಂಟಿನ ಡಬ್ಬಿಯನ್ನು ಎತ್ತಿಕೊಂಡು ಮರ ಹತ್ತಿತು. ಹುಡುಗ ಅದಕ್ಕೆ ಬದಲಾಗಿ ಮರದ ಮಾವಿನಹಣ್ಣು ತೋರಿಸಿದ. ಮಂಗ ಇಳಿದು ಬಂದು ಅದನ್ನೂ ಕಸಿದುಕೊಂಡು, ಒಂದು ಸಲ ಮೂಸಿ, ಅವನ ಕಾಲ ಬುಡಕ್ಕೆ ಎಸೆಯಿತು. ಮನುಷ್ಯರನ್ನು ಮೋಸಗೊಳಿಸಿದ ಗೋಕಾಕದ ಕುಶಲಕರ್ಮಿ ಮಂಗನ ಮೂಗಿನ ಮುಂದೆ ಸೋತ.

ನಗು ಇನ್ನೂ ಮುಗಿದಿರಲಿಲ್ಲ. ತಂದೆ ಎಲ್ಲರನ್ನೂ ಜಲಪಾತದ ತಲೆಯ ಮೇಲಿನ ಬಂಡೆಗಳ ಕಡೆಗೆ ಕರೆದರು. ಬಿಸಿಲು ಬಿದ್ದಿತ್ತು. ಅಲ್ಲಲ್ಲಿ ಬಂಡೆ ಒಣಗಿತ್ತು. ನಡುವೆ ಪಾದ ಮುಳುಗುವಷ್ಟು ತೆಳುವಾದ ನೀರು ಹರಿಯುತ್ತಿತ್ತು. “ಇಲ್ಲೇ ಸಾಲಾಗಿ ನಿಂದರ್ರಿ, ಹಿಂದ ಫಾಲ್ಸ್ ಬರತೈತಿ” ಎಂದು ಮೊಬೈಲು ಎತ್ತಿದರು. ಹುಡುಗ ಓಡಿಬಂದವನು ಹಸಿರು ಕಟ್ಟಿದ ಬಂಡೆಯ ಮೇಲೆ ಕಾಲಿಟ್ಟು ಜಾರಿ ಕುಳಿತ. ಮೊಣಕಾಲು ತರಚಿತು. ಎಡಗಾಲ ಚಪ್ಪಲಿ ಕಳಚಿ ಆ ತೆಳುವಾದ ನೀರಿಗೆ ಬಿತ್ತು.

ಚಪ್ಪಲಿ ತಕ್ಷಣ ಹೋಗಲಿಲ್ಲ. ಒಂದು ಸುತ್ತು ತಿರುಗಿತು, ಒಂದು ಕಲ್ಲಿಗೆ ತಾಗಿ ನಿಂತಂತೆ ಮಾಡಿತು. ಹುಡುಗ ಅದರ ಹಿಂದೆ ಎದ್ದ. ಮಗಳು ಅವನ ಅಂಗಿಯ ಕಾಲರು ಹಿಡಿದಳು. ಅಷ್ಟರಲ್ಲಿ ಚಪ್ಪಲಿ ಕಲ್ಲನ್ನು ಬಿಟ್ಟು, ವೇಗ ಹಿಡಿದು, ಬಂಡೆಯ ಅಂಚಿನಲ್ಲಿ ಮಾಯವಾಯಿತು. ಎಂಟು ಹೆಜ್ಜೆಯ ದೂರ. ಯಾರೂ ಮಾತಾಡಲಿಲ್ಲ. ತಂದೆ ಮೊಬೈಲನ್ನು ಜೇಬಿಗೆ ಹಾಕಿ, ಬಂದು ಮಗನನ್ನು ಎತ್ತಿಕೊಂಡರು. ಐದನೆಯ ತರಗತಿಯ ಹುಡುಗ ಎತ್ತಿಕೊಳ್ಳುವ ವಯಸ್ಸಿನವನಲ್ಲ. ಆದರೂ ದಂಡೆ ಮುಟ್ಟುವವರೆಗೆ ಇಳಿಸಲಿಲ್ಲ.

ದಂಡೆಯಲ್ಲಿ ಕುಳಿತು ಮಗಳು ವಹಿ ತೆಗೆದಳು. 52 ಮೀಟರ್ ಎತ್ತರದಿಂದ ಬೀಳುವ ವಸ್ತುವಿಗೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನೆಲ ಮುಟ್ಟಲು ಸುಮಾರು 3.3 ಸೆಕೆಂಡು ಬೇಕು. ಮುಟ್ಟುವಾಗಿನ ವೇಗ ಸೆಕೆಂಡಿಗೆ 32 ಮೀಟರ್. ಗಂಟೆಗೆ 115 ಕಿಲೋಮೀಟರ್. ಪಾಠದ ಪುಸ್ತಕದಲ್ಲಿ ಗೋಪುರದಿಂದ ಬೀಳುತ್ತಿದ್ದ ಕಲ್ಲಿಗೆ ಬದಲಾಗಿ ಈಗ ತಮ್ಮನ ಚಪ್ಪಲಿ ಇತ್ತು.

ತೆಳುವಾದ ನೀರು ಏನು ಮಾಡೀತು ಎಂದು ಕೇಳುವವರಿದ್ದಾರೆ. ಬಂಡೆಯ ಮೇಲೆ ಬೆಳೆದ ಪಾಚಿ, ಅದರ ಮೇಲೊಂದು ನೀರಿನ ಪದರ ಸೇರಿದರೆ ಕಾಲಿಗೂ ಕಲ್ಲಿಗೂ ನಡುವಿನ ಘರ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹರಿಯುವ ನೀರಿನ ನೂಕುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅಂಚು ಹತ್ತಿರವಾದಂತೆ ನೀರು ವೇಗ ಹಿಡಿಯುತ್ತದೆ. ಮೇಲಿನಿಂದ ಹೆಚ್ಚಿನ ನೀರು ಬಂದರಂತೂ ನಿಂತ ಬಂಡೆಯೇ ನಡುಗಡ್ಡೆಯಾಗುತ್ತದೆ. ಬಿಸಿಲು, ಒಣ ಬಂಡೆ, ತೆಳು ನೀರು ಇವು ಮೂರೂ ಸುರಕ್ಷಿತವೆಂದು ಹೇಳುವ ಸಾಕ್ಷಿಗಳಲ್ಲ. ನಿಜವಾದ ಸಾಕ್ಷಿ ಆಂಬೋಲಿಯ ಮೋಡದಲ್ಲೂ ಹಿಡಕಲ್‌ನ ಬಾಗಿಲಿನಲ್ಲೂ ಇರುತ್ತದೆ.

ಇದೇ ಬಲ ಕೆಲಸಕ್ಕೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಇಲ್ಲಿ ನೂಲಿನ ಗಿರಣಿ ನೀರಿನ ಬಲದಿಂದ ನಡೆಯತೊಡಗಿತು. 1887ರಲ್ಲಿಯೇ ಇಲ್ಲಿ ವಿದ್ಯುತ್ ತಯಾರಾಯಿತೆಂದು ಪ್ರವಾಸಿ ಕೈಪಿಡಿಗಳು ಬರೆಯುತ್ತವೆ. ಲೆಕ್ಕ ಸುಲಭ: ಸಾವಿರ ಲೀಟರ್ ನೀರು 52 ಮೀಟರ್ ಬಿದ್ದರೆ ಸುಮಾರು 5.1 ಲಕ್ಷ ಜೂಲ್ ಶಕ್ತಿ. ಒಂದು ಯೂನಿಟ್ ವಿದ್ಯುತ್ತಿಗೆ 36 ಲಕ್ಷ ಜೂಲ್ ಬೇಕು. ಅಂದರೆ ಎಲ್ಲಿಯೂ ನಷ್ಟವಾಗದಿದ್ದರೆ ಏಳು ಸಾವಿರ ಲೀಟರ್ ನೀರಿನ ಬೀಳುವಿಕೆಗೆ ಒಂದು ಯೂನಿಟ್.

ಜೂಲ್ ಎಂಬ ಹೆಸರಿನ ಆ ವಿಜ್ಞಾನಿಯೂ ಪ್ರವಾಸದಲ್ಲಿ ಸೋತವನೇ. 1847ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಆಲ್ಪ್ಸ್ ಪರ್ವತಕ್ಕೆ ಹೋದಾಗ, ಬಿದ್ದ ನೀರು ಎಷ್ಟು ಬಿಸಿಯಾಗುತ್ತದೆಂದು ಅಳೆಯಲು ಥರ್ಮಾಮೀಟರ್ ಹಿಡಿದು ಜಲಪಾತಕ್ಕೆ ಹೊರಟಿದ್ದನೆಂದು ವಿಜ್ಞಾನಿ ಕೆಲ್ವಿನ್ ನೆನೆಸಿಕೊಂಡಿದ್ದಾರೆ. ನೀರು ತುಂತುರಾಗಿ ಚೆದುರಿ ಅಳತೆ ಸಿಗಲಿಲ್ಲ. ಗೋಕಾಕದಲ್ಲಾದರೆ ಲೆಕ್ಕದ ಪ್ರಕಾರ ಏರಬೇಕಾದ ತಾಪ 0.12 ಡಿಗ್ರಿ ಮಾತ್ರ.

ನೀರು ಹರಡಿದ ತಾಲ್ಲೂಕು

ಒಂದು ಕಾಲಿಗೆ ಅಕ್ಕನ ಚಪ್ಪಲಿ, ಇನ್ನೊಂದಕ್ಕೆ ತನ್ನದು ಹಾಕಿಕೊಂಡು ಹುಡುಗ ಮೂಡಲಗಿಗೆ ಹೊರಟ. ಗೋಕಾಕ ತಾಲ್ಲೂಕಿನಿಂದ ಬೇರೆಯಾಗಿ ಮೂಡಲಗಿ ಆಗಷ್ಟೇ ಹೊಸ ತಾಲ್ಲೂಕಾಗಿತ್ತು. ಶಿವಬೋಧರಂಗ ಮಠ ಈ ಊರಿನ ಹಳೆಯ ಗುರುತು. ಸ್ವಾತಂತ್ರ್ಯ ಹೋರಾಟದ ಹಿರಿಯರಾದ ಕೌಜಲಗಿ ಹನುಮಂತರಾಯರ ಹೆಸರಿನಲ್ಲಿರುವ ಕೌಜಲಗಿಯೂ ಈ ಭಾಗದ್ದೇ. ಇಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ; ಕಣ್ಣು ಹರಿದಷ್ಟು ದೂರ ಕಬ್ಬು, ಗೋವಿನಜೋಳ, ಅರಿಸಿನ. ಧೂಪದಾಳದಲ್ಲಿ ಕಾಲುವೆಗೆ ತಿರುಗಿದ ನೀರನ್ನು ಇಲ್ಲಿ ಹೊಲದ ಬದುವಿನಲ್ಲಿ ಕಾಣಬಹುದು.

ಕೊನೆಯ ಅವಾಂತರ ಇಲ್ಲಿ ಕಾದಿತ್ತು. ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಚಾಲಕ ಜೀಪನ್ನು ಹೊಲದ ಅಂಚಿಗೆ ಇಳಿಸಿದ. ಹಿಂದಿನ ಗಾಲಿಗಳು ಎರೆಮಣ್ಣಿನಲ್ಲಿ ಹೂತವು. ಎರೆಮಣ್ಣಿನ ಕಣಗಳು ತೀರ ಸಣ್ಣವು. ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತವೆ, ಬೇಸಿಗೆಯಲ್ಲಿ ಅದೇ ನೀರು ಬಿಟ್ಟು ಅಂಗೈ ಅಗಲ ಬಿರಿಯುತ್ತವೆ. ಬೆಳೆಗೆ ತೇವ ಹಿಡಿದಿಡುವ ಈ ಗುಣವೇ ಗಾಲಿಗೆ ಶತ್ರು. ಗಾಲಿ ತಿರುಗಿಸಿದಷ್ಟೂ ಜೀಪು ಕೆಳಕ್ಕೆ ಇಳಿಯಿತು.

ಟ್ರ್ಯಾಕ್ಟರಿನ ರೈತ ಇಳಿದು ಬಂದು ನೋಡಿ, “ಮಳಿಗಾಲದಾಗ ಎರಿ ಹೊಲದ ಅಂಚಿಗೆ ಗಾಡಿ ಇಳಸಬಾರದ್ರಿ” ಎಂದು ನಕ್ಕ. ಗಾಲಿಯ ಕೆಳಗೆ ಕಬ್ಬಿನ ರವದಿ ತುಂಬಿ, ಹಗ್ಗ ಕಟ್ಟಿ ಎಳೆದ. ಜೀಪು ಮೇಲೆ ಬಂತು. ತಂದೆ ಹಣ ಕೊಡಲು ಹೋದರೆ ಮುಟ್ಟಲಿಲ್ಲ. ತಿರುಗಿ ತಾನೇ ಹಸಿ ತೆನೆಗಳ ಒಂದು ಕಟ್ಟನ್ನು ಮಕ್ಕಳ ಮಡಿಲಿಗೆ ಹಾಕಿದ. ಆಮೇಲೆ ಕೇಳಿದ: “ಫಾಲ್ಸ್ ನೋಡಿ ಬಂದ್ರೇನ್ರಿ? ನೀರು ಎಷ್ಟೈತಿ?”

ಚೆನ್ನಾಗಿದೆ, ಬಹಳ ಚೆಂದ ಎಂದು ತಂದೆ ಹೇಳುವವರಿದ್ದರು. ಮಗಳು ನಡುವೆ ಬಾಯಿ ಹಾಕಿದಳು. “ಹಿಡಕಲ್ ಡ್ಯಾಂ ತುಂಬಾಕ ಬಂದೈತ್ರಿ ಕಾಕಾ. ಫಾಲ್ಸಿನ ಮ್ಯಾಲೆ ಅಲ್ಲಲ್ಲಿ ಬಂಡಿ ಇನ್ನೂ ಕಾಣತಾವು.” ರೈತ ತಲೆದೂಗಿದ. ಅವನ ಎರಡು ಎಕರೆ ಕಬ್ಬು ನದಿಯ ದಂಡೆಯಲ್ಲಿತ್ತು. ಪ್ರವಾಸಿಗೆ ನೋಟವಾದ ನೀರು ಅವನಿಗೆ ಸುದ್ದಿ. ಕಡಿಮೆಯಾದರೆ ಕಾಲುವೆ ಒಣಗುತ್ತದೆ, ಹೆಚ್ಚಾದರೆ ಬೆಳೆ ಮುಳುಗುತ್ತದೆ.

ಮುಂದಿನ ವರ್ಷವೇ ಅದು ಹೆಚ್ಚಾಯಿತು. 2019ರ ಆಗಸ್ಟ್ ಮೊದಲ ವಾರಗಳಲ್ಲಿ ಸಹ್ಯಾದ್ರಿಯಲ್ಲಿ ಸುರಿದ ಮಳೆಗೆ ಘಟಪ್ರಭೆ, ಹಿರಣ್ಯಕೇಶಿ, ಗೋಕಾಕದ ಬಳಿ ಬಂದು ಕೂಡುವ ಮಾರ್ಕಂಡೇಯ ಮೂರೂ ಒಟ್ಟಿಗೆ ಉಕ್ಕಿದವು. ಲೋಳಸೂರಿನ ಸೇತುವೆ ಮುಳುಗಿತು. ಗೋಕಾಕ ಪಟ್ಟಣದ ಓಣಿಗಳಿಗೆ ನೀರು ನುಗ್ಗಿ ಜನ ಮನೆ ಬಿಟ್ಟು ಹೋಗಬೇಕಾಯಿತು. ನದಿ ದಂಡೆಯ ಹಳ್ಳಿಗಳಲ್ಲಿ ಕಬ್ಬು ನಿಂತಲ್ಲಿಯೇ ಕೊಳೆಯಿತು. ಗದಗಿನ ಮನೆಯಲ್ಲಿ ಟಿವಿಯ ಮುಂದೆ ಕುಳಿತವರಲ್ಲಿ ಹುಡುಗ ಕೇಳಿದ ಪ್ರಶ್ನೆ ಜಲಪಾತದ ಬಗ್ಗೆ ಇರಲಿಲ್ಲ. ತೆನೆ ಕೊಟ್ಟ ಕಾಕಾನ ಹೊಲ ಏನಾಯಿತು ಎಂಬುದಾಗಿತ್ತು.

ಹೋಗುವವರಿಗೆ

ಮೀರಜ–ಲೋಂಡಾ ರೈಲು ಮಾರ್ಗದಲ್ಲಿ ಘಟಪ್ರಭಾ ನಿಲ್ದಾಣವಿದೆ. ಬೆಳಗಾವಿಯಿಂದ ಗೋಕಾಕಕ್ಕೆ ಬಸ್ಸುಗಳು ಧಾರಾಳ. ಜಲಪಾತಕ್ಕೆ ಜುಲೈನಿಂದ ಸೆಪ್ಟೆಂಬರ್, ಧೂಪದಾಳದ ಹಕ್ಕಿಗಳಿಗೆ ಚಳಿಗಾಲ, ಹುನ್ನೂರಿನ ವಿಠ್ಠಲನಿಗೆ ಬೇಸಿಗೆ. ಇನ್ನೊಂದು ದಿನವಿದ್ದರೆ ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಧುಮುಕುವ ಗೊಡಚಿನಮಲ್ಕಿಯನ್ನೂ ನೋಡಬಹುದು. ಮಳೆ ಜೋರಾದಾಗ ತೂಗುಸೇತುವೆಯನ್ನು ಮುಚ್ಚುವುದುಂಟು. ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು. ಹಿಡಿತವಿರುವ, ಹಿಂದೆ ಪಟ್ಟಿಯಿರುವ ಪಾದರಕ್ಷೆ, ಒಣ ಟವೆಲ್, ಗಾಯಕ್ಕೆ ಪಟ್ಟಿ, ಮಂಗನಿಗೆ ಕಾಣದ ಚೀಲ ಜೊತೆಗಿರಲಿ. ಜಲಪಾತದ ತಲೆಯ ಮೇಲಿನ ಬಂಡೆಗಳಿಗೆ ಮಾತ್ರ ಯಾವ ಕಾಲದಲ್ಲೂ ಮಕ್ಕಳನ್ನು ಕರೆದೊಯ್ಯಬಾರದು.

ಮೊದಲ ಸಲ ಹೊರಟ ಕುಟುಂಬದಲ್ಲಿ ಕೊಡೆ ಮುರಿಯುತ್ತದೆ, ಮೊಣಕಾಲು ತರಚುತ್ತದೆ, ಗಾಡಿ ಹೂಳುತ್ತದೆ. ಅವೆಲ್ಲ ಆಗಲಿ, ಮಕ್ಕಳು ಕಲಿಯುವುದು ಅಲ್ಲಿಯೇ. ಆದರೆ ಹೊರಡುವ ದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿ, ಹಿಡಕಲ್‌ನಲ್ಲಿ ನೀರು ಎಷ್ಟಿದೆ, ಸಹ್ಯಾದ್ರಿಯಲ್ಲಿ ನಿನ್ನೆ ಮಳೆ ಎಷ್ಟಾಗಿದೆ ಎಂದು ಮಕ್ಕಳಿಂದಲೇ ಓದಿಸಿರಿ. ಐದು ನಿಮಿಷದ ಕೆಲಸ ಅದು.